ಅಳತೆ ಬೇರೆ, ಸಾಧನೆ ಬೇರೆ

ಕೋನಮಾಪಕ ಇಟ್ಟು ಅಳೆದರೆ ತ್ರಿಭುಜದ ಕೋನಗಳ ಮೊತ್ತ ಒಮ್ಮೆ 179 ಡಿಗ್ರಿ, ಇನ್ನೊಮ್ಮೆ 181. ಪೆನ್ಸಿಲ್ ಮೊನೆ ದಪ್ಪಗಿದ್ದರೆ ಅಷ್ಟು ಹೆಚ್ಚುಕಮ್ಮಿ ಇದ್ದದ್ದೇ. ಮಗಳಿಗೆ ಶೃಂಗದ ಮೂಲಕ ಪಾದಕ್ಕೆ ಸಮಾಂತರವಾಗಿ ಒಂದು ಗೆರೆ ಎಳೆಯಲು ಹೇಳಿದೆ. ಪಾದದ ಎರಡೂ ಕೋನಗಳು ಪರ್ಯಾಯ ಕೋನಗಳಾಗಿ ಮೇಲೆ ಬಂದು ಮೂರನೆಯದರ ಅಕ್ಕಪಕ್ಕ ಕುಳಿತವು. ಮೂರೂ ಸೇರಿ ಸರಳ ಕೋನ, 180. ಇನ್ನು ಅಳೆಯುವ ಮಾತೇ ಇಲ್ಲ!

"ಪರ್ಯಾಯ ಕೋನಗಳು ಸಮ ಎಂದು ಯಾರು ಹೇಳಿದ್ದು, ಅಪ್ಪ?" ಎಂದು ಪಟ್ಟು ಹಿಡಿದಳು. ಆ ಪ್ರಶ್ನೆಯ ಜಾಡು ಹಿಡಿದರೆ ಗ್ರೀಕ್ ಗಣಿತಜ್ಞ ಯೂಕ್ಲಿಡನ ಐದನೆಯ ಆಧಾರ ಪ್ರತಿಜ್ಞೆಗೇ, ಅಂದರೆ ಸಮಾಂತರ ರೇಖೆಗಳ ಬಗ್ಗೆ ಅವನು ಸಾಧಿಸದೆಯೇ ಒಪ್ಪಿಕೊಂಡ ಮಾತಿಗೇ, ಹೋಗಿ ನಿಲ್ಲಬೇಕು. ಉಳಿದ ನಾಲ್ಕರಿಂದ ಅದನ್ನು ಸಾಧಿಸಲು ಗಣಿತಜ್ಞರು ಸುಮಾರು ಎರಡು ಸಾವಿರ ವರ್ಷ ಹೆಣಗಿದರು, ಆಗಲಿಲ್ಲ. ಪ್ರಮೇಯ ಬರೆಯುವ ಹಂತಗಳನ್ನು ದತ್ತ, ಸಾಧನೀಯ, ರಚನೆ, ಸಾಧನೆ ಎಂದು ಬಾಯಿಪಾಠ ಮಾಡಿದ ನನ್ನ ಕಾಲದಲ್ಲಿ ಈ ಕಥೆಯನ್ನು ಯಾರೂ ಹೇಳಿರಲಿಲ್ಲ.