ಯುಗಾದಿಗೆ ಮೊಹಾವಿ ಮರುಭೂಮಿ: ಆರ್‌ವಿ ಎಲ್ಲಿ ನಿಲ್ಲಿಸಬೇಕು?



2025ರಲ್ಲಿ ಯುಗಾದಿ ಮಾರ್ಚ್ 30ರ ಭಾನುವಾರ ಬಂದಿತ್ತು. ಹಿಂದಿನ ದಿನ ಅಮಾವಾಸ್ಯೆ. ಬೆಳದಿಂಗಳಿಲ್ಲದ ಆ ರಾತ್ರಿಗಳಲ್ಲಿ ನಕ್ಷತ್ರ ನೋಡಲು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಮೊಹಾವಿ ಮರುಭೂಮಿಯ ಜೋಶುವಾ ಟ್ರೀ ನ್ಯಾಷನಲ್ ಪಾರ್ಕಿಗಿಂತ ಒಳ್ಳೆಯ ಜಾಗ ಹುಡುಕುವುದು ಕಷ್ಟ. 2017ರಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಕತ್ತಲ-ಆಕಾಶ ಉದ್ಯಾನದ ಮಾನ್ಯತೆ ಸಿಕ್ಕಿದೆ. ಆದರೆ ಆ ವಾರ ಹೂವಿನ ಕಾಲವೂ ಹೌದು, ಶಾಲೆಗಳ ರಜೆಯೂ ಹೌದು, ಗಾಳಿಯ ಕಾಲವೂ ಹೌದು. ಆರ್‌ವಿ, ಅಂದರೆ ಮಲಗಲು, ಅಡುಗೆಗೆ ವ್ಯವಸ್ಥೆಯಿರುವ ಮನೆಗಾಡಿ, ನಿಲ್ಲಿಸಲು ಜಾಗ ಹಿಡಿಯುವ ಕೆಲಸ ಬಹಳ ಮೊದಲೇ ಆಗಬೇಕು.

ಮೊದಲು ನ್ಯಾಷನಲ್ ಪಾರ್ಕ್ ಒಳಗೋ ಹೊರಗೋ ಎಂಬುದನ್ನು ತೀರ್ಮಾನಿಸಿ. ಒಳಗಿನ ಯಾವ ಕ್ಯಾಂಪ್‌ಗ್ರೌಂಡಿನಲ್ಲೂ ಕರೆಂಟ್, ನೀರು, ಒಳಚರಂಡಿಯ ಹುಕ್ಅಪ್ (ಗಾಡಿಗೆ ನೇರ ಜೋಡಣೆ) ಇಲ್ಲ. ನೀರು ತುಂಬಿಸಿಕೊಳ್ಳಲು, ಟ್ಯಾಂಕ್ ಖಾಲಿ ಮಾಡಲು ಡಂಪ್ ಸ್ಟೇಷನ್ ಇರುವುದು ಬ್ಲ್ಯಾಕ್ ರಾಕ್ ಮತ್ತು ಕಾಟನ್‌ವುಡ್‌ನಲ್ಲಿ ಮಾತ್ರ. ಹಿಡನ್ ವ್ಯಾಲಿ, ವೈಟ್ ಟ್ಯಾಂಕ್‌ಗಳಲ್ಲಿ ಎಳೆಯುವ ಗಾಡಿಯೂ ಸೇರಿ ಒಟ್ಟು ಉದ್ದ 25 ಅಡಿ ಮೀರುವಂತಿಲ್ಲ. ಜನರೇಟರ್ ಓಡಿಸಲು ಬೆಳಿಗ್ಗೆ 7ರಿಂದ 9, ಮಧ್ಯಾಹ್ನ 12ರಿಂದ 2, ಸಂಜೆ 5ರಿಂದ 7ರವರೆಗೆ ಮಾತ್ರ ಅನುಮತಿ. ಮುಂಗಡ ಬುಕಿಂಗ್ ಇರುವ ಕ್ಯಾಂಪ್‌ಗ್ರೌಂಡುಗಳಲ್ಲಿ ಅದು ಆರು ತಿಂಗಳ ಮೊದಲೇ ತೆರೆಯುತ್ತದೆ, ಹಾಗಾಗಿ ಮಾರ್ಚ್ ಕೊನೆಯ ಶನಿವಾರ-ಭಾನುವಾರಕ್ಕೆ ತಡಮಾಡಿದರೆ ಅಲ್ಲಿ ಯಾರಾದರೂ ರದ್ದು ಮಾಡಿದರಷ್ಟೇ ಜಾಗ. ಮಕ್ಕಳು, ವಯಸ್ಸಾದ ಅಪ್ಪ-ಅಮ್ಮ ಜೊತೆಗಿದ್ದರೆ ಹೈವೇ 62ರ ಉದ್ದಕ್ಕೂ ಇರುವ ಖಾಸಗಿ ಆರ್‌ವಿ ಪಾರ್ಕುಗಳೇ ಸರಿ.

ಹೈವೇ ಒಂದೇ ಆದರೂ ಎತ್ತರ ಒಂದೇ ಅಲ್ಲ. ಟ್ವೆಂಟಿನೈನ್ ಪಾಮ್ಸ್ ಸುಮಾರು 2,000 ಅಡಿ, ಜೋಶುವಾ ಟ್ರೀ ಊರು 2,700ರ ಆಸುಪಾಸು, ಯಕ್ಕಾ ವ್ಯಾಲಿ 3,300, ಅದರ ಪಕ್ಕದ ಬ್ಲ್ಯಾಕ್ ರಾಕ್ 4,000. ಒಣ ಗಾಳಿ ಸಾವಿರ ಅಡಿ ಏರಿದರೆ ಸುಮಾರು 3 ಡಿಗ್ರಿ ಸೆಲ್ಸಿಯಸ್ ತಣ್ಣಗಾಗುತ್ತದೆ. ಅಂದರೆ ಈ ಎರಡು ತುದಿಗಳ ನಡುವೆ ಹಗಲಿನಲ್ಲಿ 6 ಡಿಗ್ರಿಯಷ್ಟು ವ್ಯತ್ಯಾಸ. ಚಳಿ ತಡೆಯದವರು ಕೆಳಗೆ ಇಳಿಯಲಿ, ಮೇ ತಿಂಗಳಲ್ಲಿ ಹೋಗುವವರು ಮೇಲಕ್ಕೆ ಏರಲಿ. ಟ್ವೆಂಟಿನೈನ್ ಪಾಮ್ಸ್ ಕಡೆ ಇನ್ನೊಂದು ವಿಷಯ: ಊರಿನ ಉತ್ತರಕ್ಕೆ ಮರೀನ್ ಪಡೆಯ ದೊಡ್ಡ ತರಬೇತಿ ನೆಲೆ ಇದೆ. ಫಿರಂಗಿ ಅಭ್ಯಾಸವಿದ್ದ ರಾತ್ರಿ ಗುಡುಗಿನಂಥ ಸದ್ದು ಕೇಳುತ್ತದೆ. ಪುಟ್ಟ ಮಗುವಿದ್ದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಇನ್ನು ಆರ್‌ವಿ ಪಾರ್ಕಿಗಿಂತ ಮುಖ್ಯವಾದದ್ದು ಅದರೊಳಗೆ ನಿಮಗೆ ಸಿಗುವ ಸೈಟು, ಅಂದರೆ ಗಾಡಿ ನಿಲ್ಲಿಸುವ ಜಾಗ. ಈಜುಕೊಳದ ಫೋಟೊ ನೋಡಿ ಬುಕ್ ಮಾಡುವವರು ಇಲ್ಲೇ ಎಡವುವುದು. ಪಾರ್ಕಿನ ನಕ್ಷೆಯನ್ನು ಉಪಗ್ರಹ ಚಿತ್ರದ ಪಕ್ಕ ಇಟ್ಟುಕೊಂಡು, ಗಾಡಿಯ ಮೂತಿ ಯಾವ ದಿಕ್ಕಿಗೆ ಬರುತ್ತದೆ ನೋಡಿ. ಕರೆಂಟ್ ಪೆಟ್ಟಿಗೆ, ನಲ್ಲಿ, ಚರಂಡಿ ಬಾಯಿ ಎಲ್ಲವೂ ಡ್ರೈವರ್ ಬದಿಗೇ (ಅಮೆರಿಕದಲ್ಲಿ ಅದು ಎಡಕ್ಕೆ) ಸಿಗುವಂತೆ ಸೈಟು ಮಾಡಿರುತ್ತಾರೆ, ಆದ್ದರಿಂದ ಅಲ್ಲಿಗೆ ಹೋದಮೇಲೆ ದಿಕ್ಕು ಬದಲಿಸಲು ಆಗುವುದಿಲ್ಲ. ಇಲ್ಲಿನ ಗಾಳಿ ಹೆಚ್ಚಾಗಿ ಪಶ್ಚಿಮದಿಂದ, ಮಧ್ಯಾಹ್ನದ ಮೇಲೆ ಜೋರು. ಮೂತಿ ಪಶ್ಚಿಮಕ್ಕಿದ್ದರೆ ಗಾಳಿ ಎದುರಿನಿಂದ ಬಡಿದು ಸೀಳಿಹೋಗುತ್ತದೆ. ಅಡ್ಡ ನಿಂತರೆ ರಾತ್ರಿಯಿಡೀ ತೊಟ್ಟಿಲು ತೂಗಿದ ಹಾಗೆ, ಸ್ಲೈಡ್‌ಗಳ (ಗಾಡಿಯಿಂದ ಹೊರಕ್ಕೆ ಚಾಚುವ ಕೋಣೆಯ ಭಾಗಗಳ) ಮೇಲಿನ ಬಟ್ಟೆ ಪಟಪಟ ಬಡಿಯುತ್ತದೆ. ಬಾಗಿಲು, ಆನಿಂಗ್ (ನೆರಳಿಗೆ ಬಿಚ್ಚುವ ಬಟ್ಟೆಯ ಚಾವಣಿ) ಬಲಬದಿಯಲ್ಲಿರುವುದರಿಂದ ಬೇಸಿಗೆಗೆ ಲೆಕ್ಕವೇ ಬೇರೆ: ಮೂತಿ ಉತ್ತರಕ್ಕಿದ್ದರೆ ಬಾಗಿಲು ಪೂರ್ವಕ್ಕೆ ಬಂದು ಮಧ್ಯಾಹ್ನ ನೆರಳು ಸಿಗುತ್ತದೆ. ಮಾರ್ಚಿಗೆ ಗಾಳಿಯೇ ದೊಡ್ಡದು, ನೆರಳು ಆಮೇಲೆ. ಆನಿಂಗ್ ಬಿಚ್ಚಿಟ್ಟು ಸುತ್ತಾಡಲು ಹೋಗಲೇಬೇಡಿ. ಒಂದು ಬೀಸಿಗೆ ತೋಳುಗಳು ಬಗ್ಗುತ್ತವೆ.

ಉಪಗ್ರಹ ಚಿತ್ರದಲ್ಲಿ ಬಿಳಿಯ ಮರಳಿನ ಪಟ್ಟಿ ಸೈಟಿನ ಬಳಿ ಹಾದಿದ್ದರೆ ಅದು ಒಣಹಳ್ಳ. ದೂರದ ಬೆಟ್ಟದಲ್ಲಿ ಸುರಿದ ಮಳೆ, ಇಲ್ಲಿ ಒಂದು ಹನಿ ಬೀಳದಿದ್ದರೂ, ಅದರಲ್ಲಿ ನುಗ್ಗಿ ಬರುತ್ತದೆ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಅಪಾಯ ಹೆಚ್ಚು, ಆದರೂ ಯಾವ ತಿಂಗಳಲ್ಲೂ ಅಂಥ ಸೈಟು ಬೇಡ.

ಫೋನಿನಲ್ಲಿ ಕೇಳಬೇಕಾದ್ದು: ಸೈಟಿನ ಉದ್ದದಲ್ಲಿ ಎಳೆಯುವ ಗಾಡಿಯೂ ಹಿಡಿಯುತ್ತದೆಯೇ, ನೆಲ ಜಲ್ಲಿಯೋ ಸಡಿಲ ಮರಳೋ, 30 ಆಂಪೋ 50 ಆಂಪೋ, ರಾತ್ರಿ ದೀಪದ ಕಂಬ ಎಷ್ಟು ಹತ್ತಿರ. ಗಾಡಿ ಹತ್ತು ವರ್ಷಕ್ಕಿಂತ ಹಳೆಯದಾದರೆ ಬಿಡುವುದಿಲ್ಲ ಎನ್ನುವ ಪಾರ್ಕುಗಳೂ ಇವೆ, ಅದನ್ನೂ ಕೇಳಿಬಿಡಿ.

30 ಆಂಪ್ ಎಂದರೆ 120 ವೋಲ್ಟ್‌ನಲ್ಲಿ 3,600 ವಾಟ್, ಅಷ್ಟೇ. 50 ಆಂಪ್‌ನಲ್ಲಿ ಎರಡು ಲೈನ್, ಒಟ್ಟು 12,000 ವಾಟ್. ಹೆಸರು ಕೇಳಿದರೆ ಹೆಚ್ಚುಕಡಿಮೆ ಎರಡರಷ್ಟು ಅನಿಸಿದರೂ ಸಿಗುವುದು ಮೂರರಷ್ಟಕ್ಕಿಂತ ಹೆಚ್ಚು. 13,500 ಬಿಟಿಯು (ಶಾಖದ ಅಳತೆ) ಏಸಿ ಒಂದೇ 12ರಿಂದ 15 ಆಂಪ್ ಎಳೆಯುತ್ತದೆ. ಅದರ ಜೊತೆ ಮೈಕ್ರೊವೇವ್, ನೀರಿನ ಹೀಟರ್ ಹಾಕಿದರೆ 30ರ ಬ್ರೇಕರ್ ಟ್ರಿಪ್. ಪಾರ್ಕ್ ತುಂಬಿದ ಮಧ್ಯಾಹ್ನ ಎಲ್ಲರ ಏಸಿಯೂ ಓಡುವಾಗ ಹಳೆಯ ವೈರಿಂಗಿನಲ್ಲಿ ವೋಲ್ಟೇಜ್ ಕುಸಿಯುತ್ತದೆ. 108ಕ್ಕಿಂತ ಕೆಳಗೆ ಇಳಿದರೆ ಏಸಿ ನಿಲ್ಲಿಸಿ, ಇಲ್ಲವಾದರೆ ಕಂಪ್ರೆಸರ್ ಸುಡುತ್ತದೆ. ಬರಿಯ ಸರ್ಜ್ ಪ್ರೊಟೆಕ್ಟರ್ ಇದನ್ನು ತಡೆಯುವುದಿಲ್ಲ. ಕಡಿಮೆ ವೋಲ್ಟೇಜಿಗೆ ತಾನೇ ಕರೆಂಟ್ ಕಡಿಯುವ ಇಎಂಎಸ್ ಎಂಬ ಸಾಧನ ಬೇಕು. ಬ್ರೇಕರ್ ಆಫ್ ಮಾಡಿ ಪ್ಲಗ್ ಹಾಕಿ, ಆಮೇಲೆ ಆನ್ ಮಾಡಿ.

ನಲ್ಲಿಗೆ ಮೊದಲು ಪ್ರೆಷರ್ ರೆಗ್ಯುಲೇಟರ್, ಆಮೇಲೆ ಫಿಲ್ಟರ್, ಆಮೇಲೆ ಕುಡಿಯುವ ನೀರಿನ ಪೈಪು. ಒತ್ತಡ 40ರಿಂದ 50 ಪಿಎಸ್ಐ ಇದ್ದರೆ ಸಾಕು. ರಾತ್ರಿ ಸೊನ್ನೆಯ ಹತ್ತಿರ ಇಳಿಯುವ ಸೂಚನೆ ಇದ್ದರೆ ಪೈಪು ಕಳಚಿ, ನೀರು ಬಸಿದಿಡಿ, ಒಳಗಿನ ಟ್ಯಾಂಕಿನ ನೀರು ಬಳಸಿ. ಚರಂಡಿ ಹುಕ್ಅಪ್ ಇದೆ ಎಂದು ಬ್ಲ್ಯಾಕ್ ಟ್ಯಾಂಕಿನ (ಶೌಚದ ಟ್ಯಾಂಕಿನ) ವಾಲ್ವ್ ತೆರೆದೇ ಬಿಡುವುದು ತುಂಬ ಜನ ಮಾಡುವ ತಪ್ಪು. ನೀರು ಹರಿದುಹೋಗಿ ಗಟ್ಟಿ ಮಲ ಗುಡ್ಡೆಯಾಗಿ ಉಳಿಯುತ್ತದೆ, ಈ ಒಣ ಹವೆಗೆ ಅದು ಬೇಗ ಗಟ್ಟಿಯಾಗುತ್ತದೆ. ಟ್ಯಾಂಕ್ ಮುಕ್ಕಾಲು ಭಾಗ ತುಂಬಲಿ, ಮೊದಲು ಬ್ಲ್ಯಾಕ್ ಬಿಡಿ, ಅದರ ಹಿಂದೆಯೇ ಗ್ರೇ ನೀರು (ಸ್ನಾನ, ಪಾತ್ರೆ ತೊಳೆದ ನೀರು) ಬಿಟ್ಟು ಪೈಪು ತೊಳೆಯಿರಿ.

ಹುಕ್ಅಪ್ ಇಲ್ಲದೆ ನಿಲ್ಲುವವರಿಗೆ ಎರಡು ಲೆಕ್ಕ. 20 ಪೌಂಡ್ ಪ್ರೊಪೇನ್ ಸಿಲಿಂಡರ್ 30,000 ಬಿಟಿಯು ಫರ್ನೇಸನ್ನು (ಗಾಡಿ ಬೆಚ್ಚಗಿಡುವ ಹೀಟರನ್ನು) ಬಿಡದೆ ಓಡಿಸಿದರೆ ಸುಮಾರು 14 ಗಂಟೆ ಬರುತ್ತದೆ. ಅದರ ಫ್ಯಾನಿಗೆ ಬ್ಯಾಟರಿ ಬೇಕು, ಎಷ್ಟೋ ಸಲ ಗ್ಯಾಸಿಗಿಂತ ಮೊದಲು ಮುಗಿಯುವುದು ಅದೇ. ಜನರೇಟರ್ ಸಾವಿರ ಅಡಿಗೆ 3ರಿಂದ 3.5 ಶೇಕಡಾ ಶಕ್ತಿ ಕಳೆದುಕೊಳ್ಳುತ್ತದೆ, ಬ್ಲ್ಯಾಕ್ ರಾಕ್‌ನಲ್ಲಿ ಸುಮಾರು 12ರಿಂದ 14 ಶೇಕಡಾ. ಅಲ್ಲಿ ನೀರು 96 ಡಿಗ್ರಿಗೇ ಕುದಿಯುವುದರಿಂದ ಹೋಳಿಗೆಯ ಬೇಳೆ ತೆರೆದ ಪಾತ್ರೆಯಲ್ಲಿ ಬೇಯಲು ಬಹಳ ಹೊತ್ತು ಬೇಕು. ಕುಕ್ಕರ್ ಒಯ್ಯಿರಿ, ಒಂದು ವಿಶಲ್ ಹೆಚ್ಚು ಕೂಗಿಸಿ.

ನೆಲ ನೋಡಿ ನಡೆಯಿರಿ. ನಮ್ಮ ಹೊಲದ ಬದುಗಳ ನೆಗ್ಗಿಲು ಮುಳ್ಳು ಇಲ್ಲಿಯೂ ಹಬ್ಬಿದೆ. ಇಲ್ಲಿನವರು ಅದನ್ನು ಗೋಟ್‌ಹೆಡ್ ಎನ್ನುತ್ತಾರೆ. ಗಿಡ ಒಣಗಿದರೂ ಮುಳ್ಳು ಉಳಿದು ಸೈಕಲ್ ಟ್ಯೂಬು, ನಾಯಿಯ ಪಾದ ಎರಡನ್ನೂ ಚುಚ್ಚುತ್ತದೆ.

ದಾರಿಯಲ್ಲಿ ಐ-10 ಬಿಟ್ಟು 62ಕ್ಕೆ ತಿರುಗುವ ಸುತ್ತಮುತ್ತ ಗಾಳಿಯಂತ್ರಗಳ ಕಾಡೇ ಇದೆ. ಅವನ್ನು ಅಲ್ಲಿ ನೆಟ್ಟ ಕಾರಣವೇ ಎತ್ತರದ ಗಾಡಿಗೆ ಎಚ್ಚರಿಕೆ. ಬೆಳಿಗ್ಗೆ ಹತ್ತರೊಳಗೆ ಆ ಭಾಗ ದಾಟಿಬಿಡಿ. ಮತ್ತೆ, ಸೈಟು ಆರಿಸುವಾಗ ಪಶ್ಚಿಮ ದಿಗಂತ ತೆರೆದಿದೆಯೇ ನೋಡಿಕೊಳ್ಳಿ: ಹಬ್ಬದ ಸಂಜೆ ಸೂರ್ಯ ಮುಳುಗಿದ ಮೇಲೆ ಯುಗಾದಿಯ ಎಳೆಚಂದ್ರ ಕಾಣುವುದು ಅಲ್ಲೇ.