ಔಷಧಕ್ಕೆ ಒಗ್ಗಿದ ಕೋಶ ವಿಕಿರಣಕ್ಕೂ ಬಗ್ಗುವುದಿಲ್ಲವೇ?

‘ವಿಕಿರಣದ ಜೊತೆಗೆ ವಾರಗಟ್ಟಲೆ ಔಷಧವನ್ನೂ ಕೊಡುತ್ತಾರಲ್ಲ, ಅಷ್ಟು ದಿನದಲ್ಲಿ ಕ್ಯಾನ್ಸರ್ ಕೋಶಗಳು ಅದಕ್ಕೆ ಒಗ್ಗಿಹೋಗುವುದಿಲ್ಲವೇ?’ ಪ್ರಯೋಗಾಲಯದಲ್ಲಿ ಕೋಶಗಳನ್ನು ಬೆಳೆಸುವುದು ನನ್ನ ಕೆಲಸವೆಂದು ತಿಳಿದ ಕೂಡಲೇ ಹಲವರು ಕೇಳುವ ಪ್ರಶ್ನೆ ಇದು. ಕೇಳುವವರ ಮನೆಯಲ್ಲಿ ಸಾಮಾನ್ಯವಾಗಿ ಯಾರಾದರೂ ಚಿಕಿತ್ಸೆಯಲ್ಲಿರುತ್ತಾರೆ. ಹಾಗಾಗಿ ಒಂದೇ ಮಾತಿನಲ್ಲಿ ಉತ್ತರಿಸಿ ಎದ್ದುಹೋಗಲು ನನಗೆ ಮನಸ್ಸಾಗುವುದಿಲ್ಲ.

ಕೆಲವು ಕೋಶಗಳು ಒಗ್ಗುತ್ತವೆ, ನಿಜ. ಆದರೆ ವಿಕಿರಣದ ಪೆಟ್ಟನ್ನು ಹೆಚ್ಚಿಸಲೆಂದು ಕೊಡುವ ಔಷಧದ ಪರಿಣಾಮ ದಿನ ಕಳೆದಂತೆ ಏರುವುದೂ ಉಂಟು.

ಬ್ರೋಮೋಡಿಯಾಕ್ಸಿಯುರಿಡಿನ್ ಎಂಬ ವಸ್ತುವನ್ನೇ ನೋಡಿ. ಚಿಕಿತ್ಸೆಯಲ್ಲಿ ಅದು ನೆಲೆಯೂರಲಿಲ್ಲ, ಆದರೆ ವಿಷಯ ತಿಳಿಯಲು ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ನೋಟಕ್ಕೆ ಅದು ಡಿಎನ್‌ಎಯ ಘಟಕವಾದ ಥೈಮಿಡಿನ್‌ನಂತೆಯೇ ಇದೆ. ಕೋಶವು ಡಿಎನ್‌ಎಯನ್ನು ನಕಲು ಮಾಡುವಾಗ ಮೋಸಹೋಗಿ ಅದನ್ನೇ ಎಳೆಗೆ ಪೋಣಿಸಿಕೊಳ್ಳುತ್ತದೆ. ಅಂಥ ಎಳೆ ವಿಕಿರಣ ತಾಗಿದಾಗ ಹೆಚ್ಚು ಸುಲಭವಾಗಿ ತುಂಡಾಗುತ್ತದೆ. ಒಂದು ಗಂಟೆ ಮಾತ್ರ ಔಷಧ ಕೊಟ್ಟರೆ ಆ ಹೊತ್ತಿನಲ್ಲಿ ನಕಲು ಮಾಡುತ್ತಿದ್ದ ಕೋಶಗಳಷ್ಟೇ ಸಿಕ್ಕಿಬೀಳುತ್ತವೆ. ಹಲವು ದಿನ ಕೊಟ್ಟರೆ ಉಳಿದವೂ ಸರದಿಯಂತೆ ಸಿಗುತ್ತವೆ.

ಅದೇ ಔಷಧದಲ್ಲಿ ಕೋಶಗಳನ್ನು ತಿಂಗಳುಗಟ್ಟಲೆ ಇಟ್ಟರೆ ಬೇರೆಯೇ ಆಟ ಶುರುವಾಗುತ್ತದೆ. ಔಷಧವನ್ನು ಡಿಎನ್‌ಎಗೆ ಸೇರುವ ರೂಪಕ್ಕೆ ತರಲು ಥೈಮಿಡಿನ್ ಕೈನೇಸ್ ಎಂಬ ಕಿಣ್ವ ಬೇಕು. ಆ ಕಿಣ್ವವನ್ನು ಕಳೆದುಕೊಂಡ ಕೋಶಗಳು ಬದುಕುಳಿದು ತಟ್ಟೆಯನ್ನೆಲ್ಲ ತುಂಬುತ್ತವೆ. ಅವು ಏನನ್ನೂ ಕಲಿತವಲ್ಲ, ಜರಡಿಯಲ್ಲಿ ಉಳಿದವು. ನಾನು ಒತ್ತಿ ಹೇಳುವುದು ಇಷ್ಟು: ಇಂಥ ಕೋಶಕ್ಕೆ ಔಷಧದಿಂದ ಬರುತ್ತಿದ್ದ ಹೆಚ್ಚುವರಿ ಪೆಟ್ಟು ತಪ್ಪಿತು. ಅಷ್ಟರಿಂದಲೇ ವಿಕಿರಣದ ಎದುರು ಅದಕ್ಕೆ ಹೊಸ ಕವಚ ಸಿಕ್ಕಿತೆಂದು ಅರ್ಥವಲ್ಲ.

ಎಲ್ಲ ಔಷಧಗಳಲ್ಲೂ ಹೀಗೆಯೇ ಎಂದು ಹೇಳಲಾರೆ. ಫ್ಲೂರೋಯುರಾಸಿಲ್ ಎಂಬ ಕ್ಯಾನ್ಸರ್ ಔಷಧ ತಗುಲಿದ ಕೋಶಗಳಲ್ಲಿ ಆ ಔಷಧ ತಡೆಯಬೇಕಾದ ಕಿಣ್ವದ ಪ್ರಮಾಣವೇ ಕೆಲವು ಗಂಟೆಗಳಲ್ಲಿ ಏರಬಹುದು. ಇದು ನಿಜವಾದ ಹೊಂದಾಣಿಕೆ. ನನ್ನನ್ನು ಹೆಚ್ಚು ಕಾಡುವುದು ಡಿಎನ್‌ಎಯನ್ನೇ ಗಾಯಗೊಳಿಸುವ ಸಿಸ್ಪ್ಲಾಟಿನ್ ಎಂಬ ಔಷಧ. ಅದರಿಂದ ಪಾರಾಗಲು ಕೋಶ ಡಿಎನ್‌ಎಯ ರಿಪೇರಿಯನ್ನೇ ಚುರುಕುಗೊಳಿಸಿಕೊಂಡಿದ್ದರೆ, ವಿಕಿರಣದ ಗಾಯವನ್ನೂ ಅದು ಸರಿಪಡಿಸಿಕೊಳ್ಳುವ ಸಂಭವವಿದೆ. ಔಷಧವನ್ನು ಒಳಗೆ ಬಿಟ್ಟುಕೊಳ್ಳದೆ ಪಾರಾಗಿದ್ದರೆ ಆ ಭಯ ಕಡಿಮೆ.

ಕೋಶ ಔಷಧಕ್ಕೆ ಮಾತ್ರ ಬಗ್ಗದಾಗಿದೆಯೇ, ವಿಕಿರಣಕ್ಕೂ ಬಗ್ಗದಾಗಿದೆಯೇ ಎಂದು ತಿಳಿಯಲು ಇಂದಿಗೂ ವಿಜ್ಞಾನಿಗಳಾದ ಪಕ್ ಮತ್ತು ಮಾರ್ಕಸ್ 1956ರಲ್ಲಿ ತೋರಿಸಿದ ದಾರಿಯನ್ನೇ ಹಿಡಿಯುತ್ತೇವೆ. ಒಂಟಿ ಕೋಶಗಳನ್ನು ಬಿತ್ತಿ, ವಿಕಿರಣ ಕೊಟ್ಟು, ಒಂದೆರಡು ವಾರ ಕಾದು, ಕನಿಷ್ಠ 50 ಕೋಶಗಳಾಗಿ ಬೆಳೆದ ಗುಂಪುಗಳನ್ನು ಎಣಿಸುತ್ತೇವೆ. ಔಷಧವೊಂದನ್ನೇ ಕೊಟ್ಟ ತಟ್ಟೆ ಪಕ್ಕದಲ್ಲಿ ಇರಲೇಬೇಕು. ಇಲ್ಲದಿದ್ದರೆ ಔಷಧ ಕೊಂದದ್ದನ್ನೂ ವಿಕಿರಣದ ಲೆಕ್ಕಕ್ಕೆ ಬರೆದುಬಿಡುತ್ತೇವೆ.

ಕೆಲವರು ಮುಂದುವರಿದು, ‘ಹಾಗಾದರೆ ಚಿಕಿತ್ಸೆಯ ನಡುವೆ ಬಿಡುವು ಕೊಟ್ಟರೆ ಒಳ್ಳೆಯದಲ್ಲವೇ?’ ಎನ್ನುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಪ್ರಯೋಗಾಲಯದ ಜರಡಿಗೆ ತಿಂಗಳುಗಳು ಹಿಡಿಯುತ್ತವೆ. ವಿಕಿರಣದ ಜೊತೆ ಔಷಧ ಕೊಡುವುದು ಹೆಚ್ಚಾಗಿ ಆರೇಳು ವಾರ. ಆ ಅವಧಿಯಲ್ಲಿ ದೊಡ್ಡ ಅಪಾಯ ಬೇರೆಯದು. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್‌ಗಳಲ್ಲಿ ಚಿಕಿತ್ಸೆ ಶುರುವಾದ ಸುಮಾರು 4 ವಾರಗಳ ಬಳಿಕ ಉಳಿದ ಕೋಶಗಳು ವೇಗವಾಗಿ ಹೆಚ್ಚತೊಡಗುತ್ತವೆ. ಅದನ್ನು ಸರಿದೂಗಿಸಲು ದಿನಕ್ಕೆ ಸುಮಾರು 0.6 ಗ್ರೇ (ವಿಕಿರಣದ ಪ್ರಮಾಣದ ಅಳತೆ) ಹೆಚ್ಚುವರಿ ವಿಕಿರಣ ಬೇಕೆಂದು ಸಂಶೋಧಕ ವಿದರ್ಸ್ ಮತ್ತು ಸಂಗಡಿಗರು 1988ರಲ್ಲಿ ಅಂದಾಜು ಮಾಡಿದರು. ನಾವಾಗಿಯೇ ಕೊಟ್ಟ ಬಿಡುವಿನಲ್ಲಿ ಬೆಳೆಯುವುದು ಆ ಕೋಶಗಳೇ.