ಲುಕಪ್ ಆಯಿತು, ಕರೆ ಹೋಗಲಿಲ್ಲ

2006ರಲ್ಲಿ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರಿಗೆ ದಾಸ್ತಾನು ನೋಡುವ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಸರ್ವರ್ ಇದ್ದದ್ದು ಹುಬ್ಬಳ್ಳಿಯ ಗೋಕುಲ ರಸ್ತೆಯ ಆಫೀಸಿನಲ್ಲಿ. ಬ್ರೌಸರ್‌ನಲ್ಲಿ ಆಪ್ಲೆಟ್ (ವೆಬ್ ಪುಟದೊಳಗೆ ಓಡುವ ಪುಟ್ಟ ಜಾವಾ ಪ್ರೋಗ್ರಾಂ) ತೆರೆದರೆ ಡಬ್ಬಿ ಜಾತಿಯ ಮೆಣಸಿನಕಾಯಿ ಎಷ್ಟು ಚೀಲ, ಕಡ್ಡಿ ಜಾತಿಯದು ಎಷ್ಟು ಚೀಲ ಅಂತ ಕಾಣಬೇಕು. ಅದರ ಹಿಂದೆ ಕೆಲಸ ಮಾಡುತ್ತಿದ್ದದ್ದು ಜಾವಾ ಆರ್‌ಎಂಐ, ಅಂದರೆ ಒಂದು ಕಂಪ್ಯೂಟರಿನ ಪ್ರೋಗ್ರಾಂ ಇನ್ನೊಂದು ಕಂಪ್ಯೂಟರಿನಲ್ಲಿರುವ ಆಬ್ಜೆಕ್ಟ್‌ನ ಮೆಥಡ್ ಕರೆಯುವ ವ್ಯವಸ್ಥೆ.

ಆಫೀಸಿನೊಳಗೆ ಚೆನ್ನಾಗಿ ನಡೆಯಿತು. ಬ್ಯಾಡಗಿ ಅಂಗಡಿಯಿಂದ ತೆರೆದರೆ ಬರೀ ಬೂದು ಚೌಕ. ಆಫೀಸಿನ ಫೈರ್‌ವಾಲ್‌ನಲ್ಲಿ 1099 ಪೋರ್ಟ್ ತೆರೆದೆ. ಲುಕಪ್, ಅಂದರೆ ಸರ್ವರ್‌ನ ಆಬ್ಜೆಕ್ಟನ್ನು ಹೆಸರಿನಿಂದ ಹುಡುಕುವುದು, ಸರಿಯಾಗಿ ಆಯಿತು! ಆದರೆ ಮೊದಲ ಮೆಥಡ್ ಕರೆದ ತಕ್ಷಣ ಸುಮ್ನೆ ನಿಂತುಬಿಡುತ್ತಿತ್ತು. ಎರಡು ರಾತ್ರಿ ನಿದ್ದೆ ಇಲ್ಲ.

ಆಮೇಲೆ ಗೊತ್ತಾಯಿತು. 1099ರಲ್ಲಿ ಕೂತಿರುವ ರಿಜಿಸ್ಟ್ರಿ (ಆ ಹೆಸರುಗಳ ಪಟ್ಟಿ ಇಟ್ಟುಕೊಳ್ಳುವ ಪ್ರೋಗ್ರಾಂ) ಕೊಡುವುದು ಒಂದು ಚೀಟಿ ಮಾತ್ರ. ಮಾಲು ಯಾವ ಗೋದಾಮಿನಲ್ಲಿದೆ ಅಂತ ಅದರಲ್ಲಿ ಬರೆದಿರುತ್ತದೆ. ಆ ಚೀಟಿಯೇ ಸ್ಟಬ್. ನನ್ನ ಸ್ಟಬ್‌ನೊಳಗೆ ಇದ್ದದ್ದು ಆಫೀಸಿನೊಳಗೆ ಮಾತ್ರ ನಡೆಯುವ 192.168ರ ವಿಳಾಸ. ಅದು ಬ್ಯಾಡಗಿಯಿಂದ ಹೇಗೆ ಸಿಗಬೇಕು? ಪೋರ್ಟ್ ಕೂಡ ಸರ್ವರ್ ಶುರುವಾದಾಗಲೆಲ್ಲ ಬದಲಾಗುತ್ತಿತ್ತು. ನಾವೇ ಪೋರ್ಟ್ ಹೇಳದಿದ್ದರೆ ಜಾವಾ ಖಾಲಿ ಇರುವ ಯಾವುದನ್ನೋ ಹಿಡಿಯುತ್ತದೆ. ಸ್ಟಬ್‌ನಲ್ಲಿ ಯಾವ ವಿಳಾಸ ಬರೆಯಬೇಕು ಅಂತ ಹೇಳುವ ಜಾವಾ.ಆರ್‌ಎಂಐ.ಸರ್ವರ್.ಹೋಸ್ಟ್‌ನೇಮ್‌ಗೆ ಹೊರಗಿನ ವಿಳಾಸ ಕೊಟ್ಟೆ. ಆಬ್ಜೆಕ್ಟನ್ನು ಹೊರಗಿನ ಕರೆಗಳಿಗೆ ಸಿಗುವಂತೆ ಮಾಡುವ ಎಕ್ಸ್‌ಪೋರ್ಟ್‌ಆಬ್ಜೆಕ್ಟ್‌ಗೆ ಒಂದೇ ಪೋರ್ಟ್ ಗೊತ್ತುಮಾಡಿ, ಅದನ್ನೂ ಫೈರ್‌ವಾಲ್‌ನಲ್ಲಿ ತೆರೆದೆ. ಬ್ಯಾಡಗಿಯಲ್ಲಿ ಲೆಕ್ಕ ಕಾಣಿಸಿತು. ಆ ಖುಷಿ ಇನ್ನೂ ನೆನಪಿದೆ.

ಅಷ್ಟರಲ್ಲಿ ಮಾಲು ಕೊಳ್ಳುವವರ ಕಂಪನಿಯೊಂದು ತಮಗೂ ದಾಸ್ತಾನು ಕಾಣಬೇಕು ಅಂದಿತು. ಅವರ ಫೈರ್‌ವಾಲ್ ವೆಬ್ ಪುಟಗಳ ಪೋರ್ಟ್‌ಗಳಾದ 80 ಮತ್ತು 443 ಬಿಟ್ಟು ಬೇರೇನನ್ನೂ ಹೊರಗೆ ಬಿಡುವುದಿಲ್ಲ. ಅದು ಸರಿಯಾದ ನಿಯಮವೇ ಅಲ್ವಾ? ಕರೆಯನ್ನು ಎಚ್‌ಟಿಟಿಪಿ ಪೋಸ್ಟ್‌ನೊಳಗೆ, ಅಂದರೆ ಮಾಮೂಲಿ ವೆಬ್ ವಿನಂತಿಯೊಳಗೆ, ಸುತ್ತಿ ಕಳಿಸುವ ದಾರಿ ಆಗ ಆರ್‌ಎಂಐನಲ್ಲೇ ಇತ್ತು. ವೆಬ್ ಸರ್ವರ್‌ನಲ್ಲಿ ಜಾವಾ-ಆರ್‌ಎಂಐ.ಸಿಜಿಐ ಎಂಬ ಪುಟ್ಟ ಫೈಲ್ ಇಟ್ಟರೆ 80ರ ಮೂಲಕ ಹೋಗುತ್ತಿತ್ತು. ಹೋಯಿತು, ಆದರೆ ಬಹಳ ನಿಧಾನ. ದರ ಬದಲಾದಾಗ ಸರ್ವರ್ ತಾನೇ ಆಪ್ಲೆಟ್ಟನ್ನು ಕರೆಯುವ ಕಾಲ್‌ಬ್ಯಾಕ್ ಅಂತೂ ಬರಲೇ ಇಲ್ಲ. ಒಳಗಿನಿಂದ ಹೊರಗೆ ಹೋಗಬಹುದು, ಹೊರಗಿನಿಂದ ಒಳಗೆ ಬರುವ ಹಾಗಿಲ್ಲ. ಜಾವಾ 9ರಲ್ಲಿ ಆ ಸುರಂಗವನ್ನೇ ತೆಗೆದುಹಾಕಿದರು. ಒಳ್ಳೆಯದೇ ಆಯಿತು.

ಕೊನೆಗೆ ನಡುವೆ ಒಂದು ಸರ್ವ್‌ಲೆಟ್ (ವೆಬ್ ಸರ್ವರ್‌ನಲ್ಲಿ ಓಡುವ ಜಾವಾ ಪ್ರೋಗ್ರಾಂ) ಕೂರಿಸಿದೆ. ಆಪ್ಲೆಟ್ ಸರ್ವ್‌ಲೆಟ್ಟನ್ನು ಮಾಮೂಲಿ ಎಚ್‌ಟಿಟಿಪಿಯಲ್ಲಿ ಕೇಳುತ್ತದೆ, ಸರ್ವ್‌ಲೆಟ್ ಆಫೀಸಿನೊಳಗೇ ಆರ್‌ಎಂಐ ಕರೆ ಮಾಡುತ್ತದೆ. ಕಾಲ್‌ಬ್ಯಾಕ್ ಬದಲು ಆಪ್ಲೆಟ್ಟೇ 30 ಸೆಕೆಂಡಿಗೊಮ್ಮೆ ದರ ಕೇಳುತ್ತಿತ್ತು. ಹೊರಗೆ ತೆರೆದಿದ್ದ ಎರಡೂ ಪೋರ್ಟ್‌ಗಳನ್ನು ಅವತ್ತೇ ಮುಚ್ಚಿದೆ.

2015ರಲ್ಲಿ ಕ್ರೋಮ್ ಜಾವಾ ಪ್ಲಗಿನ್ ಕೈಬಿಟ್ಟಾಗ ಆಪ್ಲೆಟ್ ತೆಗೆದು ಜಾವಾಸ್ಕ್ರಿಪ್ಟ್ ಪುಟ ಹಾಕಿದೆ. ಸರ್ವ್‌ಲೆಟ್‌ನ ಹಿಂದಿದ್ದ ಆರ್‌ಎಂಐ ಕೋಡ್‌ನಲ್ಲಿ ಒಂದು ಸಾಲನ್ನೂ ಮುಟ್ಟಲಿಲ್ಲ.